ಗರ್ಭಕಂಠದ ನೀರ್ಗುಳ್ಳೆ ಮತ್ತು ನನ್ನ ಹೆಂಡತಿಯ ಮುಯ್ಯಿ

ಓದುವ ಎಲ್ಲರಿಗೂ ನಮಸ್ಕಾರ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ನಲವತ್ತೊಂದನೇ ವಯಸ್ಸಿನಲ್ಲಿ, ಖಾಸಗಿಯಾಗಿ ಕಟ್ಟಿ. ಒತ್ತಕ್ಷರ ತಪ್ಪಿದ್ದರೆ, ಒಂದು ಮಾತು ಎರಡು ಸಲ ಬಂದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಂಡಸಾಗಿ ಹೆಂಗಸರ ವಿಷಯ ಬರೆಯುವುದಕ್ಕೂ ಕ್ಷಮೆ ಇರಲಿ. ಬರೆದದ್ದನ್ನೆಲ್ಲ ಹೆಂಡತಿಗೆ ಓದಿ ಹೇಳಿದ್ದೇನೆ. ಒಂದು ಸಾಲು ತೆಗೆಸಿದಳು. ಉಳಿದದ್ದಕ್ಕೆ "ಇರ್ಲಿ, ಹಾಕಿ" ಎಂದಿದ್ದಾಳೆ.

ನಾನು ಕೊಪ್ಪದ ಕಡೆ ಬಾಡಿಗೆ ಜೀಪು ಓಡಿಸುತ್ತೇನೆ. ಅಡಿಕೆ ಕೊಯ್ಲು ಶುರುವಾದರೆ ಬೆಳಿಗ್ಗೆ ಸುಲಿಯುವ ಹೆಂಗಸರನ್ನು ಹತ್ತಿಸಿಕೊಂಡು ಕಮ್ಮರಡಿ ಸುತ್ತಿನ ಮನೆಗಳ ಅಂಗಳಕ್ಕೆ ಬಿಡಬೇಕು, ಸಂಜೆ ವಾಪಸ್ ತರಬೇಕು. ನನ್ನ ಹೆಂಡತಿಯೂ ಅದೇ ಗುಂಪಿನವಳು. ಗುಂಪಿಗೆ ಹಿರಿಯರಾದ ಒಬ್ಬರಿದ್ದಾರೆ. ಯಾವ ದಿನ ಯಾರ ಮನೆಗೆ, ಯಾರು ಯಾರ ಪಕ್ಕ ಕೂರಬೇಕು, ಎಲ್ಲ ಅವರದ್ದೇ ತೀರ್ಮಾನ. ಅವರನ್ನು ನಾವೆಲ್ಲ ದೊಡ್ಡಕ್ಕ ಎಂದೇ ಕರೆಯುವುದು.

ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿ ಇಲ್ಲ, ಆಳಿಗೆ ಆಳು. ಹಾಗೆ ಮಾಡಿಕೊಟ್ಟ ಕೆಲಸಕ್ಕೆ ಮುಯ್ಯಿ ಎನ್ನುತ್ತಾರೆ. ಮುಯ್ಯಿ ತೀರಿಸದೆ ಉಳಿಸಿಕೊಂಡವರಿಗೆ ಊರಲ್ಲಿ ತಲೆ ಎತ್ತಿ ನಡೆಯುವುದು ಕಷ್ಟ. ಗದ್ದೆಗಳು ಕಡಿಮೆಯಾದ ಮೇಲೆ ನಮ್ಮ ಗುಂಪಿನ ಹೆಂಗಸರು ಈ ಪದ್ಧತಿಯನ್ನು ಬೇರೆ ಕಡೆಗೆ ತಂದರು. ಯಾರಾದರೂ ಗರ್ಭಕೋಶ ತೆಗೆಸಿಕೊಂಡು ಬಂದರೆ ಅವರ ಮನೆಯ ನೀರು, ಬಟ್ಟೆ, ದನದ ಹಟ್ಟಿ, ಗಂಜಿ ಎಲ್ಲವನ್ನೂ ಉಳಿದವರು ಸರದಿಯ ಮೇಲೆ ನೋಡಿಕೊಳ್ಳುವುದು. ನಿನ್ನ ಸರದಿ ಬಂದಾಗ ಅವರು ಬರುತ್ತಾರೆ.

ನಿನ್ನ ಸರದಿ ಬಂದಾಗ. ಈ ಮಾತನ್ನು ಎಷ್ಟೋ ಸಲ ಜೀಪಿನಲ್ಲಿ ಕೇಳಿದ್ದೇನೆ. ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ನಮ್ಮ ಗುಂಪಿನ ಐದು ಜನರನ್ನು ಆ ಆಪರೇಷನ್ನಿಗೆ ಬಿಟ್ಟು ಬಂದದ್ದು ನನ್ನದೇ ಜೀಪು. "ಗರ್ಭಚೀಲ ತೆಗೆಸೋದು" ಎಂಬುದನ್ನು ಹುಳುಕು ಹಲ್ಲು ಕೀಳಿಸಿದ ಹಾಗೆ ಮಾತಾಡುತ್ತಿದ್ದರು. ನನ್ನ ಹೆಂಡತಿ ಆಗಲೇ ಮೂರು ಮನೆಗಳಲ್ಲಿ ಮುಯ್ಯಿ ಮಾಡಿದ್ದಳು. ಅವಳದ್ದು ಬಾಕಿ ಇತ್ತು.

ದೊಡ್ಡಕ್ಕನ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರನ್ನು ನೀವು ತಪ್ಪು ತಿಳಿಯುತ್ತೀರಿ. ಅವರಿಗೆ ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತು. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಗರ್ಭಕೋಶದಲ್ಲಿ ದೊಡ್ಡ ಗಡ್ಡೆ. ತೆಗೆಸಿದ ಮೇಲೆಯೇ ಅವರು ಎದ್ದು ಓಡಾಡಿದ್ದು. ಹಾಗಾಗಿ ಅವರು ಬೇರೆಯವರಿಗೆ ಹೇಳುವುದು ತಾನು ಬದುಕಿದ ದಾರಿಯನ್ನು.

ನನ್ನ ಹೆಂಡತಿಗೆ ಮೂವತ್ತೆಂಟು ವರ್ಷ. ಎರಡು ಹೆರಿಗೆ. ಒಂದು ವರ್ಷದಿಂದ ಬಿಳಿ ಹೋಗುತ್ತಿತ್ತು, ಸೊಂಟ ನೋವು. ಅವಳ ತಂಗಿಯನ್ನು ಕಡಹಿನಬೈಲಿಗೆ ಕೊಟ್ಟಿದ್ದಾರೆ. ಅಲ್ಲಿಗೆ ಹೋದಾಗ ಹತ್ತಿರದಲ್ಲಿ ಹೆಂಗಸರ ತಪಾಸಣೆ ಶಿಬಿರ ಇತ್ತಂತೆ, ಇಬ್ಬರೂ ಹೋಗಿದ್ದರು. ಅಲ್ಲಿದ್ದ ನರ್ಸಮ್ಮ ನೋಡಿ, ಒಂದು ಸ್ಕ್ಯಾನ್ ಮಾಡಿಸಿ ಡಾಕ್ಟರಿಗೆ ತೋರಿಸಿ ಎಂದು ಬರೆದುಕೊಟ್ಟರು. ನರಸಿಂಹರಾಜಪುರದಲ್ಲೇ ಸ್ಕ್ಯಾನ್ ಆಯಿತು. ರಿಪೋರ್ಟ್ ಇಂಗ್ಲಿಷಿನಲ್ಲಿ, ಒಂದೇ ಹಾಳೆ.

ಜೀಪಿನ ಸ್ಟೇರಿಂಗ್ ಮೇಲೆ ಹಾಳೆ ಹರಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸರ್ವಿಕ್ಸ್ ಎಂದಿತ್ತು. ನಬೋಥಿಯನ್ ಸಿಸ್ಟ್ ಎಂದಿತ್ತು. ಒಂದಲ್ಲ, ಕೆಲವು ಇವೆ, ದೊಡ್ಡದು ಒಂಬತ್ತು ಮಿಲಿಮೀಟರ್. ಸ್ಕ್ಯಾನ್ ಮಾಡಿದ ಕಡೆ ಗೋಡೆಯ ಮೇಲೆ ಗರ್ಭಕಂಠದ ಕ್ಯಾನ್ಸರ್ ಎಂಬ ಚಿತ್ರಪಟ ಇದ್ದದ್ದು, ಅದರಲ್ಲೂ ಸರ್ವಿಕ್ಸ್ ಎಂದು ಬರೆದಿದ್ದದ್ದು ನೆನಪಾಯಿತು. 

"ಎಂತ ಬರ್ದಿದಾರೆ?" ಎಂದಳು ಪಕ್ಕದ ಸೀಟಿನಿಂದ.

"ಗಡ್ಡೆ ಅಂತೆ" ಎಂದೆ.

 ಆ ಒಂದು ಶಬ್ದ ನಾನು ಹೇಳಬಾರದಿತ್ತು. ಹಾಳೆಯಲ್ಲಿ ಅದು ಇರಲಿಲ್ಲ. ಅರ್ಧ ಓದಿ, ಉಳಿದರ್ಧವನ್ನು ಹೆದರಿಕೆಯಿಂದ ತುಂಬಿಸಿದ್ದೆ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಜೀಪು ಹತ್ತುತ್ತಲೇ ಕೇಳಿದರು.

"ಎಂತ ಬಂತಾ ತಮ್ಮ ಸ್ಕ್ಯಾನಲ್ಲಿ?"

"ಗರ್ಭಕಂಠದಲ್ಲಿ ಗಡ್ಡೆ ಅಕ್ಕ. ಮೂರ್ನಾಲ್ಕು ಇದಾವಂತೆ."

"ಅಯ್ಯೋ ಮಾರಾಯ! ಹಂಗಾರೆ ಕಾಯದು ಎಂತಕ್ಕೆ? ತೆಗ್ಸದೇ ಸೈ. ಮಕ್ಕಳಾಗಿ ಆಯ್ತಲ. ಇನ್ನು ಅದನ್ನ ಇಟ್ಕಂಡು ಎಂತ, ಉಪ್ಪಿನಕಾಯಿ ಹಾಕ್ತೀರನ?"

ಹಿಂದೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಕ್ಕ ನಗಲಿಲ್ಲ. ಬೆರಳು ಮಡಚಿ ದಿನ ಎಣಿಸುತ್ತಿದ್ದರು. ಸುಲಿಯುವ ಕೆಲಸ ಮುಗಿಯಲು ಇನ್ನು ಮೂರು ವಾರ. ಅದಾದ ಮೇಲಿನ ಸೋಮವಾರ. ನಮ್ಮ ಕೆಳಗಿನ ಮನೆಯವಳೂ ಸೊಂಟ ನೋವು ಎನ್ನುತ್ತಿದ್ದಳು, ಅವಳೂ ಅವತ್ತೇ ಹೋಗಲಿ. ಆಪರೇಷನ್ನಿಗೆ ಜೋಡಿಯಾಗಿ ಹೋಗುವುದು ನಮ್ಮ ಗುಂಪಿನ ರೂಢಿ. ಇಬ್ಬರಿಗೂ ಒಂದೇ ಗಂಜಿ ಪಾತ್ರೆ, ಒಬ್ಬರೇ ಜೊತೆಗಾರ್ತಿ ಸಾಕು.

"ಆಸ್ಪತ್ರೆಗೆ ನಾನು ಫೋನ್ ಮಾಡಿ ಹೇಳ್ತೀನಿ. ಜೀಪು ನಿಂದೇ. ಆಯ್ತನ?"

"ಆಯ್ತಕ್ಕ" ಎಂದೆ.

ಕನ್ನಡಿಯಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು. ಮಡಿಲಲ್ಲಿದ್ದ, ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಸುತ್ತಿದ ಗೋಣಿತಟ್ಟನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದವಳೇ ಎದುರಿಗೆ ಕೂತಳು.

"ಬೆಳಿಗ್ಗೆ ಜೀಪಲ್ಲಿ ಆಯ್ತು ಅಂದ್ರಲ. ಹೊಟ್ಟೆ ಯಾರದು?"

"ನಿಂದು."

"ಹಂಗಾರೆ ಆಯ್ತು ಅನ್ನಕ್ಕೆ ನೀವ್ಯಾರು?"

ರಿಪೋರ್ಟ್ ತಂದು ನನ್ನ ಮುಂದೆ ಇಟ್ಟಳು.

"ಬೇಡ ಅಂತಲ್ಲ. ಬೇಕೇ ಬೇಕು ಅಂದ್ರೆ ಮಾಡಿಸ್ಕಳ್ತೀನಿ, ಹೆದರಿಕೆ ಇಲ್ಲ ನಂಗೆ. ಆದ್ರೆ ಎಂತಕ್ಕೆ ಅಂತ ಗೊತ್ತಾಗ್ಬೇಕು. ಅಡಿಕೆ ಸುಲ್ಕೊಂಡೇ ಎರಡು ವರ್ಷ ನಿಮ್ಮ ಪಾಠ ಒಪ್ಪಿಸ್ಕಂಡಿದೀನಿ. ಹತ್ತನೇ ಕ್ಲಾಸ್ ಪಾಸಾಗಿ ಎಂತ ಮಾಡಿದ್ರಿ? ಓದಿ ಹೇಳಿ ಇದನ್ನ."

ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹತ್ತನೇ ಕ್ಲಾಸಿನ ಪುಸ್ತಕಗಳಿದ್ದವು. ವಿಜ್ಞಾನದ ಪುಸ್ತಕ ತೆಗೆದೆ. ಸಂತಾನೋತ್ಪತ್ತಿ ಎಂಬ ಪಾಠ ಇತ್ತು. ಆ ಪಾಠ ನಾನು ಓದೇ ಇರಲಿಲ್ಲ. ಟ್ಯೂಷನ್ನಿನಲ್ಲಿ ನನ್ನ ಜೊತೆ ಕೂರುತ್ತಿದ್ದವರು ನನ್ನ ಮಗಳ ವಯಸ್ಸಿನ ಹುಡುಗಿಯರು. ಮೇಷ್ಟರು ಆ ಪಾಠ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದರು. ನನಗೂ ಜೀವ ಬಂದ ಹಾಗಾಯಿತು. ಅಷ್ಟೂ ಪುಟಗಳನ್ನು ಒಟ್ಟಿಗೆ ಮಗುಚಿದೆ. ಪರೀಕ್ಷೆಯಲ್ಲಿ ಹೆಣ್ಣಿನ ಅಂಗದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಬಂತು. ನಾಲ್ಕು ಅಂಕ. ಜಾಗ ಖಾಲಿ ಬಿಟ್ಟು ಬಂದೆ. ಪಾಸಾಯಿತಲ್ಲ, ಅದಕ್ಕೇನು ಎಂದುಕೊಂಡಿದ್ದೆ.

ಪುಟಗಳು ಥಂಡಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಂಡತಿ ಉಗುರಿನಿಂದ ನಿಧಾನ ಬಿಡಿಸಿದಳು. ಅಲ್ಲಿತ್ತು ಚಿತ್ರ. ತಲೆಕೆಳಗಾಗಿಟ್ಟ ತಂಬಿಗೆಯ ಹಾಗೆ. ಮೇಲೆ ಅಗಲ, ಕೆಳಗೆ ಸಪೂರ ಕುತ್ತಿಗೆ. ಕುತ್ತಿಗೆಗೆ ಒಂದು ಗೆರೆ ಎಳೆದು ಗರ್ಭಕಂಠ ಎಂದು ಬರೆದಿತ್ತು. ಗರ್ಭಕೋಶದ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್ ಎಂದೂ ಇತ್ತು.

"ಇಷ್ಟೇನಾ?" ಎಂದಳು. "ಮುಷ್ಟಿಯಷ್ಟೂ ಇಲ್ವಲ. ನಾನು ಕುಂಬಳಕಾಯಿ ಹಂಗೆ ಇರ್ತದೆ ಅಂದ್ಕಂಡಿದ್ದೆ."

ಎರಡು ಮಕ್ಕಳ ತಂದೆಯಾದ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. "ಗೊತ್ತಿಲ್ದೇ ಇದ್ರೂ ಆಯ್ತು ಅಂದ್ರಲ" ಎಂದು ಮತ್ತೆ ಚುಚ್ಚಿದಳು.

ಮಗಳ ಹಳೆಯ ಡಿಕ್ಷನರಿಯಲ್ಲಿ ಸಿಸ್ಟ್ ಹುಡುಕಿದೆವು. ದ್ರವ ತುಂಬಿದ ಚೀಲ ಎಂದಿತ್ತು. ಅಂದರೆ ನೀರ್ಗುಳ್ಳೆ. ಗಡ್ಡೆ ಎಂದು ಎಲ್ಲೂ ಇಲ್ಲ. ನನ್ನ ತಪ್ಪು ಅಲ್ಲೇ ಸಿಕ್ಕಿಬಿತ್ತು. ಆದರೆ ನೀರ್ಗುಳ್ಳೆ ಒಳ್ಳೆಯದೋ ಕೆಟ್ಟದ್ದೋ ಡಿಕ್ಷನರಿ ಹೇಳುವುದಿಲ್ಲ. ಮೊಬೈಲಿನಲ್ಲಿ ನೋಡೋಣ ಎಂದರೆ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಬೇಡ, ಡಾಕ್ಟರನ್ನೇ ಕೇಳುವುದು ಎಂದು ಗಟ್ಟಿ ಮಾಡಿದೆವು. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದೆ. ಇದು ಕ್ಯಾನ್ಸರಾ? ಮುಂದೆ ಆಗುತ್ತದಾ? ಯಾಕೆ ಬರುತ್ತದೆ? ಬಿಳಿ ಹೋಗುವುದು ಇದರಿಂದಲಾ? ಕೊನೆಯದನ್ನು ಅವಳು ಹೇಳಿ ಬರೆಸಿದಳು. ಇದನ್ನು ಹೀಗೇ ಬಿಟ್ಟರೆ ಎಂತ ಆಗುತ್ತದೆ?

ಶೃಂಗೇರಿಯಲ್ಲಿ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಹೆಂಗಸರ ಡಾಕ್ಟರೊಬ್ಬರು ಕೂರುತ್ತಾರೆ ಎಂದು ಗೊತ್ತಿತ್ತು. ಒಂದು ದಿನದ ಕೆಲಸ ಬಿಟ್ಟು ಹೋದೆವು. ಹೊರಗಿನ ಬೆಂಚಿನಲ್ಲಿ ಗಂಡಸು ಅಂತ ಇದ್ದದ್ದು ನಾನೊಬ್ಬನೇ, ಕಂಕುಳಲ್ಲಿ ಹತ್ತನೇ ಕ್ಲಾಸಿನ ಪುಸ್ತಕ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಮಕ್ಕಳಿಗೆ ಪಾಠ ಹೇಳ್ತೀರನ?" ಎಂದು ಕೇಳಿದರು. "ಇಲ್ಲಮ್ಮ, ನಾನೇ ಕಲಿಯಕ್ಕೆ ಬಂದಿದ್ದು" ಎಂದೆ.

ಡಾಕ್ಟರು ಮೊದಲು ಹೆಂಡತಿಯನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ಆಮೇಲೆ ನನ್ನನ್ನೂ ಕರೆದರು. ನಾನು ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು. ನಗುತ್ತಾರೇನೋ ಎಂದುಕೊಂಡೆ. ಅವರು ಪೆನ್ನು ತೆಗೆದು ಆ ಚಿತ್ರದ ಕುತ್ತಿಗೆಯ ಮೇಲೆ ನಾಲ್ಕು ಚುಕ್ಕೆ ಇಟ್ಟರು.

"ನೋಡಿ, ಗರ್ಭಕೋಶದ ಬಾಯಿ ಇದು. ಇಲ್ಲಿ ಲೋಳೆ ಮಾಡುವ ಸಣ್ಣ ಸಣ್ಣ ಗ್ರಂಥಿಗಳಿರ್ತವೆ. ಹೆರಿಗೆ ಆದ್ಮೇಲೆ, ಇಲ್ಲಾ ಎಂತಾದ್ರೂ ಉರಿಯೂತ ಆಗಿ ವಾಸಿಯಾಗುವಾಗ, ಹೊಸ ಚರ್ಮ ಬೆಳೆದು ಕೆಲವು ಗ್ರಂಥಿಗಳ ಬಾಯಿ ಮುಚ್ಚಿಹೋಗ್ತದೆ. ಲೋಳೆ ಹೊರಗೆ ಬರಕ್ಕೆ ದಾರಿ ಇಲ್ಲ, ಅಲ್ಲೇ ತುಂಬಿ ಗುಳ್ಳೆ ಆಗ್ತದೆ. ನಬೋಥಿಯನ್ ಸಿಸ್ಟ್ ಅಂದ್ರೆ ಇಷ್ಟೇ."

"ಕ್ಯಾನ್ಸರ್ ಅಲ್ವಾ ಮೇಡಂ?" ಎಂದಳು ಹೆಂಡತಿ.

"ಅಲ್ಲ. ಕ್ಯಾನ್ಸರ್ ಆಗಿ ಬದಲಾಗದೂ ಇಲ್ಲ. ಮಕ್ಕಳಾದ ಹೆಂಗಸರಲ್ಲಿ ಬಹಳ ಮಾಮೂಲು. ಎಷ್ಟೋ ಜನರಿಗೆ ಇರೋದೇ ಗೊತ್ತಾಗಲ್ಲ."

"ಹಂಗಾರೆ ತೆಗೀಬೇಕಾ?"

"ಗುಳ್ಳೆನೂ ತೆಗೀಬೇಕಿಲ್ಲ, ಗರ್ಭಕೋಶನೂ ತೆಗೀಬೇಕಿಲ್ಲ. ತೀರಾ ದೊಡ್ಡದಾಗಿ ತೊಂದರೆ ಕೊಟ್ರೆ, ಇಲ್ಲಾ ನೋಡಿದಾಗ ನಮಗೆ ಅನುಮಾನ ಬಂದ್ರೆ, ಆಗ ಅದಕ್ಕೊಂದು ಸಣ್ಣ ಚಿಕಿತ್ಸೆ ಇದೆ. ನಿಮ್ಮದು ಹಾಗಿಲ್ಲ."

"ಮತ್ತೆ ಈ ಬಿಳಿ ಹೋಗದು?"

"ಅದು ಬೇರೆ. ಸೋಂಕಿದೆ, ಮಾತ್ರೆ ಕೊಡ್ತೀನಿ. ಇಬ್ಬರೂ ನುಂಗಬೇಕು."

"ನಂಗೆಂತಕ್ಕೆ ಮೇಡಂ?" ಎಂದೆ.

"ಸಂಸಾರ ಅವರೊಬ್ಬರೇ ಮಾಡ್ತಾರಾ?" ಎಂದರು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಸೊಂಟ ನೋವಿಗೆ ಅವಳು ಎಷ್ಟು ಹೊತ್ತು ಕೂತು ಸುಲಿಯುತ್ತಾಳೆ ಎಂದು ಕೇಳಿದರು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕೂರುವ ಮಣೆ ಸ್ವಲ್ಪ ಎತ್ತರ ಮಾಡಿಕೊಳ್ಳಿ ಎಂದರು. ಆಮೇಲೆ ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟು ಗಂಭೀರವಾಗಿ ಹೇಳಿದ್ದನ್ನು ನಾನು ಅವರ ಮಾತಲ್ಲೇ ಬರೆದುಕೊಂಡಿದ್ದೇನೆ.

"ಗುಳ್ಳೆಯಿಂದ ಹೆದರಿಕೆ ಇಲ್ಲ ಅಂತ ತಪಾಸಣೆ ಬಿಡಬೇಡಿ. ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಬೇರೆನೇ, ಅದನ್ನ ಇವತ್ತೇ ಮಾಡಿದೀನಿ, ಮುಂದೆನೂ ಹೇಳಿದಾಗ ಮಾಡಿಸ್ಬೇಕು. ಮುಟ್ಟಿನ ಮಧ್ಯೆ ರಕ್ತ ಕಂಡ್ರೆ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಬಂದ್ರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಂಡ್ರೆ, ವಾಸನೆ ಬಂದ್ರೆ, ಕೆಳಹೊಟ್ಟೆ ನೋವು ಬಿಡದೇ ಇದ್ರೆ ಕಾಯಬೇಡಿ, ಬನ್ನಿ. ಗುಳ್ಳೆನ ಯಾರೂ ಒಡೆಯಕ್ಕೆ ಹೋಗಬಾರದು, ನಾಟಿ ಔಷಧಿ ಇಡಬಾರದು."

ಹೆಂಡತಿ ಕೊನೆಯ ಪ್ರಶ್ನೆ ತಾನೇ ಕೇಳಿದಳು. "ಮೇಡಂ, ಆದ್ರೂ ತೆಗ್ಸಿದ್ರೆ ಎಂತ? ನಮ್ಮ ಕಡೆ ಎಲ್ಲರೂ ತೆಗ್ಸಿದಾರೆ."

"ಬೇಕಾದವರಿಗೆ ಬೇಕೇ ಬೇಕು ಅಮ್ಮ. ಅದು ಜೀವ ಉಳಿಸ್ತದೆ. ಬೇಡದವರಿಗೆ ಅದೊಂದು ದೊಡ್ಡ ಆಪರೇಷನ್, ಅಷ್ಟೇ. ಜೊತೆಗೆ ಅಂಡಾಶಯನೂ ಹೋದ್ರೆ ಈ ವಯಸ್ಸಿಗೇ ಮೈಬಿಸಿ, ಮೂಳೆ ಸವೆಯೋದು ಶುರುವಾಗ್ತದೆ. ನಿಮಗೆ ಯಾರು ಹೇಳಿದ್ದು ತೆಗೆಸಕ್ಕೆ? ಡಾಕ್ಟರಾ?"

 ಯಾವ ಡಾಕ್ಟರೂ ಹೇಳಿರಲಿಲ್ಲ. ದಿನ ಗೊತ್ತಾಗಿತ್ತು, ಜೀಪು ಗೊತ್ತಾಗಿತ್ತು, ಗಂಜಿ ಪಾತ್ರೆ ಗೊತ್ತಾಗಿತ್ತು.

ಪರೀಕ್ಷೆಯ ವರದಿ ಎರಡು ವಾರಕ್ಕೆ ಬಂತು, ತೊಂದರೆ ಇಲ್ಲ ಎಂದು. ಮಾತ್ರೆಯಿಂದ ಬಿಳಿ ಹೋಗುವುದೂ ನಿಂತಿತ್ತು. ನಮಗೆ ಸಮಾಧಾನವಾಯಿತು. ದೊಡ್ಡಕ್ಕನಿಗೆ ಹೇಳುವುದು ಮಾತ್ರ ಡಾಕ್ಟರಿಗೆ ಪುಸ್ತಕ ತೋರಿಸಿದ್ದಕ್ಕಿಂತ ಕಷ್ಟವಾಗಿತ್ತು. ನಾನು ಹೇಳುತ್ತೇನೆ ಎಂದೆ. "ಬೇಡ, ಆಯ್ತು ಅಂದಿದ್ದು ನೀವು. ಇಲ್ಲ ಅನ್ನದು ನಾನು" ಎಂದಳು.

ಮಧ್ಯಾಹ್ನ ಊಟದ ಹೊತ್ತು. ನಾನು ಅಡಿಕೆ ಸಿಪ್ಪೆ ತುಂಬಿಕೊಳ್ಳಲು ಅವರು ಸುಲಿಯುತ್ತಿದ್ದ ಅಂಗಳಕ್ಕೆ ಹೋಗಿದ್ದೆ. ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಹೆಂಡತಿ ಕೈ ತೊಳೆದು ಎಲ್ಲರ ಮಧ್ಯೆ ಪುಸ್ತಕ ತೆರೆದಳು. ಡಾಕ್ಟರು ಇಟ್ಟ ನಾಲ್ಕು ಚುಕ್ಕೆ ತೋರಿಸಿ, ಕೇಳಿದ್ದನ್ನೆಲ್ಲ ಹೇಳಿ, "ನಾನು ಸೋಮವಾರ ಹೋಗಲ್ಲ" ಎಂದಳು.

ದೊಡ್ಡಕ್ಕನ ಮುಖ ಸಣ್ಣಗಾಯಿತು.

"ಹಂಗಾರೆ ನಾವೆಲ್ಲ ದಡ್ಡರನ? ನಂಗೆ ಹೋಗ್ತಿದ್ದ ರಕ್ತ ಸುಳ್ಳನ?"

"ನಿಮ್ಮದು ಬೇರೆ ಅಕ್ಕ. ನಿಮ್ಮದು ತೆಗೀಬೇಕಾಗಿತ್ತು. ಮೇಡಂ ಹತ್ರ ನಿಮ್ಮ ಸುದ್ದಿನೂ ಹೇಳಿದೆ, ಒಳ್ಳೇದು ಮಾಡಿದ್ರು ಅಂದ್ರು. ನಂದು ಹಂಗಲ್ಲ."

"ನಂಗೆ ಹುಷಾರಿಲ್ದಾಗ ಇಪ್ಪತ್ತು ದಿನ ನನ್ನ ಬಟ್ಟೆ ತೊಳ್ದಿದೀಯ ಮಾರಾಯ್ತಿ. ನೀರು ಕಾಸಿ ಕೊಟ್ಟಿದೀಯ. ಆ ಮುಯ್ಯಿ ಹೊತ್ಕಂಡೇ ಸಾಯ್ಬೇಕನ ನಾನು?"

ಆಗ ನನಗೆ ಗೊತ್ತಾಯಿತು, ಅವರು ಆ ಸೋಮವಾರವನ್ನು ಎಷ್ಟು ಕಾಯುತ್ತಿದ್ದರು ಎಂದು. ಅದರಲ್ಲಿ ಕೆಟ್ಟತನ ಚೂರೂ ಇರಲಿಲ್ಲ. ಪ್ರೀತಿಯೇ ನಮ್ಮನ್ನು ಆಪರೇಷನ್ ಟೇಬಲ್ಲಿನವರೆಗೆ ಒಯ್ಯುತ್ತಿತ್ತು.

 ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳು ಒಬ್ಬಳಿದ್ದಾಳೆ. ಎರಡು ವರ್ಷದ ಹಿಂದೆ ಅವಳನ್ನೂ ನಾನೇ ಬಿಟ್ಟು ಬಂದದ್ದು. ಅವಳು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಚಿತ್ರ ನೋಡಿದಳು. "ನಂದು ಎಂತಕ್ಕೆ ತೆಗ್ದಿದ್ದು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ" ಎಂದಳು. ಚಿತ್ರದ ಮೇಲೆ ಬೆರಳಿಟ್ಟು, "ಚಳಿಗಾಲದಲ್ಲೂ ಮೈಯೆಲ್ಲ ಉರಿ ಉರಿ ಆಗ್ತದೆ. ಇದಕ್ಕೇ ಏನೋ" ಎಂದಳು. ನಾನು ಸಿಪ್ಪೆಯ ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದೆ. ಅವಳನ್ನು ಬಿಟ್ಟು ಬಂದ ದಿನ ನಾನೂ ಎಂತಕ್ಕೆ ಎಂದು ಕೇಳಿರಲಿಲ್ಲ. 

ಹೆಂಡತಿ ದೊಡ್ಡಕ್ಕನ ಪಕ್ಕಕ್ಕೆ ಸರಿದು ಕೂತಳು.

"ಅಕ್ಕ, ಮುಯ್ಯಿ ಬೇಡ ಅಂದ್ನಾ ನಾನು? ಕೊಡಿ. ಬಟ್ಟೆ ತೊಳೆಯದು ಬೇಡ. ಅವತ್ತು ಸೋಮವಾರ ಎಲ್ಲರೂ ಬಿಡುವು ಮಾಡ್ಕಂಡಿದೀರಲ. ಜೀಪೂ ಗೊತ್ತಾಗಿದೆ. ಇದೇ ಜೀಪಲ್ಲಿ ಶೃಂಗೇರಿಗೆ ಬನ್ನಿ. ಒಬ್ಬೊಬ್ಬರೂ ಆ ಮೇಡಂಗೆ ತೋರ್ಸಿ. ಕೆಳಗಿನ ಮನೆ ಇವಳೂ ಮೊದ್ಲು ಅಲ್ಲಿ ತೋರ್ಸ್ಲಿ. ತೆಗೀಬೇಕು ಅಂತ ಡಾಕ್ಟರು ಹೇಳಿದ್ರೆ ನಾನೇ ಅವಳ ಜೊತೆ ಹೋಗ್ತೀನಿ. ನನ್ನ ಮೂರು ಮನೆ ಮುಯ್ಯಿಗೆ ಅಷ್ಟು ಮಾಡಿ ಸಾಕು."

"ನಂದು ತೆಗ್ದೇ ಆಗಿದೆ, ನಾನೆಂತಕ್ಕೆ ಬರ್ಲಿ?" ಎಂದರು ದೊಡ್ಡಕ್ಕ.

"ತೆಗ್ಸಿದವರೂ ತೋರಿಸ್ಕಬೇಕೋ ಬೇಡ್ವೋ ಅಂತ ಕೇಳಕ್ಕೆ. ಮತ್ತೆ ಇವರನ್ನೆಲ್ಲ ಹತ್ತಿಸಕ್ಕೆ. ನೀವು ಹೇಳಿದ್ರಷ್ಟೇ ಹತ್ತದು ಇವರು."

ದೊಡ್ಡಕ್ಕ ಬುತ್ತಿ ಮುಚ್ಚಿ ಕತ್ತಿಯ ಮುಂದೆ ಹೋಗಿ ಕೂತರು.  ನಾಲ್ಕು ದಿನ ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಐದನೇ ದಿನ ಇಳಿಯುವಾಗ ಕಿಟಕಿಯ ಹತ್ತಿರ ಬಂದು, "ಸೋಮವಾರ ಏಳು ಗಂಟೆಗೆ ಹೊರಡ್ಬೇಕು ತಮ್ಮ. ತಡ ಮಾಡಿದ್ರೆ ಅಲ್ಲಿ ಚೀಟಿ ಸಿಗಲ್ಲ" ಎಂದರು. ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದ್ದೂ ಅವರೇ.

ಆ ಸೋಮವಾರ ಆರು ಜನ ಹತ್ತಿದರು. ಇಬ್ಬರು ಬರಲಿಲ್ಲ, ನಾಚಿಕೆ ಎಂದರು. ದೊಡ್ಡಕ್ಕ ಮುಂದಿನ ಸೀಟಿನಲ್ಲಿ ಕೂತು ಕಾಲ ಹತ್ತಿರ ಒಂದು ಸ್ಟೀಲಿನ ಕ್ಯಾನು ಇಟ್ಟುಕೊಂಡರು.

"ಎಂತ ಅಕ್ಕ ಅದು?"

"ಗಂಜಿ. ಆಪರೇಷನ್ ಇಲ್ದಿದ್ರೆ ಹೊಟ್ಟೆ ಹಸಿಯಲ್ವನ?"

ಕೆಳಗಿನ ಮನೆಯವಳಿಗೂ ಈಗಲೇ ಆಪರೇಷನ್ ಬೇಡ, ಮೂರು ತಿಂಗಳು ಔಷಧಿ ಮಾಡಿ ನೋಡೋಣ ಎಂದರಂತೆ. ಇನ್ನೊಬ್ಬರಿಗೆ ದೊಡ್ಡ ಊರಿಗೆ ಹೋಗಿ ಮುಂದಿನ ಪರೀಕ್ಷೆ ಮಾಡಿಸಲೇಬೇಕು ಎಂದು ಚೀಟಿ ಕೊಟ್ಟರು. ನನ್ನ ಹೆಂಡತಿಯೇ ಅವರ ಜೊತೆ ಹೋಗಿಬಂದಳು. ಸಣ್ಣವಳಿಗೆ ಮೂಳೆಗೆ ಮಾತ್ರೆ, ಮೈ ಉರಿಗೆ ಬೇರೆ ಸಲಹೆ. ದೊಡ್ಡಕ್ಕ ಡಾಕ್ಟರ ಹತ್ತಿರ ಎಂತ ಕೇಳಿದರೋ ಯಾರಿಗೂ ಹೇಳಿಲ್ಲ.

ಹೆಂಡತಿಯ ನೀರ್ಗುಳ್ಳೆ ಅಲ್ಲೇ ಇದೆ. ಅದರ ಪಾಡಿಗೆ ಅದು ಇರಲಿ ಎಂದು ಬಿಟ್ಟಿದ್ದೇವೆ. ತಪಾಸಣೆ ಬಿಟ್ಟಿಲ್ಲ. ಪುಸ್ತಕ ಈಗ ಟ್ರಂಕಿನಲ್ಲಿಲ್ಲ. ಜೀಪಿನ ಡ್ಯಾಶ್‌ಬೋರ್ಡಿನೊಳಗೆ ಇರುತ್ತದೆ. ಯಾರಾದರೂ ಆಪರೇಷನ್ನಿಗೆ ಜೀಪು ಬೇಕು ಎಂದರೆ "ಎಂತಕ್ಕೆ ಅಂತ ಡಾಕ್ಟರು ಹೇಳಿದಾರಾ?" ಎಂದು ಕೇಳಿಯೇ ಕೀಲಿ ತಿರುಗಿಸುತ್ತೇನೆ. ಡಾಕ್ಟರು ಹೇಳಿದ್ದರೆ ಎಷ್ಟು ದೂರವಾದರೂ ಬಿಡುತ್ತೇನೆ.

ಇಷ್ಟು ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ನಿಮ್ಮ ಮನೆಯಲ್ಲೂ ಇಂಥ ಒಂದು ರಿಪೋರ್ಟ್ ಬಂದಿರಬಹುದು. ಅದನ್ನು ಯಾರು ಓದಿ ಹೇಳಿದರು, ನೀವು ಏನು ನಿರ್ಧಾರ ಮಾಡಿದಿರಿ, ತೆಗೆಸಿದ್ದರೆ ಈಗ ಹೇಗಿದ್ದೀರಿ? ಹೆಂಗಸರೇ ಬರೆದರೆ ಇನ್ನೂ ಒಳ್ಳೆಯದು. ನಾಚಿಕೆಯಾದರೆ ಹೆಸರು ಬೇಡ, ಊರೂ ಬೇಡ, ನಾಲ್ಕು ಸಾಲು ಸಾಕು. ಬಂದದ್ದನ್ನೆಲ್ಲ ಊಟದ ಹೊತ್ತಿಗೆ ಅಂಗಳಕ್ಕೆ ಒಯ್ದು ಓದಿ ಹೇಳುತ್ತೇನೆ. ಅಲ್ಲಿ ಕೇಳುವವರಿದ್ದಾರೆ.